ಕ್ಯಾರಿಯರ್ ಮೇಲಿನ ಕುಷನ್ನು

ಬೈರಮಂಗಲದ ದೇವರಾಜನ ಹೆಂಡತಿ ಜ್ಯೋತಿಲಕ್ಷ್ಮಿಗೆ ಸಿಟ್ಟೇ ಬರುವುದಿಲ್ಲ ಎಂದು ಊರವರು ಹೇಳುತ್ತಿದ್ದರು. ಊರವರಿಗೇನು ಗೊತ್ತು? ಹದಿಮೂರನೇ ವಯಸ್ಸಿಗೆ ಬಂದ ಸಿಟ್ಟು ಅವಳಿಗೆ ಮೂವತ್ತಾದರೂ ಇಳಿದಿರಲಿಲ್ಲ. ಹೊರಗೆ ಬರಲು ಅದಕ್ಕೆ ಪುರುಸೊತ್ತು ಸಿಕ್ಕಿರಲಿಲ್ಲ, ಅಷ್ಟೇ. ಬೆಳಗ್ಗೆ ಎದ್ದರೆ ಮುದ್ದೆಗೆ ಎಸರಿಡಬೇಕು, ಮಗಳು ಅಮೂಲ್ಯಳ ಜಡೆ ಹೆಣೆಯಬೇಕು, ಮಾವ ದೊಡ್ಡಹನುಮಯ್ಯನಿಗೆ ಕಾಫಿ, ಅತ್ತೆ ಮಾರಕ್ಕನಿಗೆ ಬಿಸಿನೀರು, ಗಂಡನಿಗೆ ಡಬ್ಬಿ. ಇಷ್ಟೆಲ್ಲ ಮುಗಿಸಿ ಓಡೋಡಿ ಬಂದರೂ ಬಸ್ಸು ಕಣ್ಣೆದುರೇ ಹೊರಟುಹೋಗುತ್ತಿತ್ತು. ಸಿಟ್ಟು ಮಾಡಿಕೊಳ್ಳುತ್ತ ನಿಂತರೆ ಮುಂದಿನ ಬಸ್ಸೂ ತಪ್ಪುತ್ತದೆ.

ಆ ಹಳೇ ಸಿಟ್ಟಿನ ಕಥೆ ಮೊದಲು ಹೇಳಿಬಿಡಬೇಕು, ಇಲ್ಲದಿದ್ದರೆ ಮುಂದಿನದು ತಿಳಿಯುವುದಿಲ್ಲ. ಅವಳ ತವರು ಮಾಗಡಿ ತಾಲ್ಲೂಕು, ಸೋಲೂರಿಗೆ ಮೂರು ಕಿಲೋಮೀಟರ್ ದೂರದ ಒಂದು ಹಳ್ಳಿ. ಎಂಟನೇ ತರಗತಿಗೆ ಸೇರಿದ ವರ್ಷ ಶಾಲೆಯಲ್ಲಿ ಸರ್ಕಾರದ ಸೈಕಲ್ ಕೊಟ್ಟರು. ಅವಳಿಗೆ ಸಿಕ್ಕಿದ್ದು ಹುಡುಗಿಯರ ಸೈಕಲ್ಲು, ಮುಂದೆ ಬುಟ್ಟಿ ಇದ್ದದ್ದು, ನಡುವೆ ಕಂಬಿ ಇಲ್ಲದ್ದು. ಎರಡು ದಿನದಲ್ಲಿ ಮೊಣಕಾಲು ತರಚಿಕೊಂಡು ಕಲಿತಳು. ಏಳನೇ ದಿನ ಒಂದು ಕೈ ಬಿಟ್ಟು ಬೆಲ್ಲು ಹೊಡೆಯುವಷ್ಟಾದಳು. ಹನ್ನೊಂದು ದಿನ ಶಾಲೆಗೆ ಹೋಗಿ ಬಂದಳು. ಹನ್ನೆರಡನೇ ದಿನ ಬ್ಯಾಗು ಹಾಕಿಕೊಂಡು ಹಿತ್ತಲಿಗೆ ಹೋಗಿ ನೋಡಿದರೆ ಸೈಕಲ್ಲಿಲ್ಲ.

ಅಣ್ಣ ಲೋಕೇಶನಿಗೆ ಕಾಲೇಜಿಗೆ ಹೋಗಲು ಬೇಕಂತೆ. ಆದರೆ ಗಂಡುಹುಡುಗ ಹುಡುಗಿಯರ ಸೈಕಲ್ ತುಳಿದರೆ ಜನ ನಗುವುದಿಲ್ಲವೇ? ಅದಕ್ಕೇ ಅಪ್ಪ ಅದನ್ನು ಸೋಲೂರಿನ ವೆಲ್ಡಿಂಗ್ ಅಂಗಡಿಗೆ ಒಯ್ದು, ಸೀಟಿನಿಂದ ಹ್ಯಾಂಡಲ್‌ವರೆಗೆ ಒಂದು ಕಬ್ಬಿಣದ ಕಂಬಿ ಬೆಸೆಸಿ, ಬುಟ್ಟಿ ಕಿತ್ತುಹಾಕಿ ಗಂಡುಸೈಕಲ್ ಮಾಡಿಸಿಕೊಂಡು ಬಂದ. ಬೆಸುಗೆ ಇನ್ನೂ ಕಪ್ಪಗೆ ಕಾಣುತ್ತಿತ್ತು. ಕಿತ್ತ ಬುಟ್ಟಿಯಲ್ಲಿ ಅವ್ವ ಈರುಳ್ಳಿ ತುಂಬಿಟ್ಟಳು. ಜ್ಯೋತಿ ಅತ್ತಾಗ ಅಪ್ಪ ತಲೆ ನೇವರಿಸಿ, "ನೀನ್ಯಾಕವ್ವ ಅಳ್ತೀಯ? ನಾಳೆ ಗಂಡನ ಮನೆಗೆ ಓಗೋಳು. ಅವನೇ ಹಿಂದ್ಗಡೆ ಕೂರಿಸ್ಕಂಡು ಮೆರೆಸ್ತಾನೆ," ಎಂದ. ಅವಳು ಹತ್ತನೇ ತರಗತಿ ಮುಗಿಯುವವರೆಗೂ ಮೂರು ಕಿಲೋಮೀಟರ್ ನಡೆದೇ ಹೋದಳು, ಲೋಕೇಶ ಬೆಲ್ಲು ಹೊಡೆಯುತ್ತಾ ಪಕ್ಕದಲ್ಲೇ ದಾಟಿಹೋಗುತ್ತಿದ್ದ. ಕೊಟ್ಟು ಕಿತ್ತುಕೊಳ್ಳುವುದಕ್ಕಿಂತ ಕೊಡದೇ ಇರುವುದು ಮೇಲು ಎಂದು ಅವಳಿಗೆ ಆಗಲೇ ಅನಿಸಿತ್ತು.

ಈಗ ಇತ್ತೀಚಿನ ಮಾತು. ಬಿಡದಿಯ ಕೈಗಾರಿಕಾ ಪ್ರದೇಶದಲ್ಲಿ ಕಾರಿನೊಳಗಿನ ವೈರುಗಳನ್ನು ಕಟ್ಟು ಕಟ್ಟುವ ಒಂದು ಕಂಪನಿಯಲ್ಲಿ ಜ್ಯೋತಿಗೆ ಕೆಲಸ. ಆರು ವರ್ಷ ಬೆಳಗ್ಗೆ ಒಂಬತ್ತರ ಶಿಫ್ಟಿನಲ್ಲಿ ಮೇಜಿನ ಮುಂದೆ ನಿಂತೇ ದುಡಿದಿದ್ದಳು. ಕೆಂಪು ವೈರು ಯಾವ ತೂತಿಗೆ, ಹಳದಿ ಯಾವುದಕ್ಕೆ ಎಂದು ಕಣ್ಣುಮುಚ್ಚಿ ಹೇಳುತ್ತಿದ್ದಳು. ಅದಕ್ಕೇ ಅವಳನ್ನು ಲೈನ್ ಲೀಡರ್ ಮಾಡಿದರು. ಹದಿನಾಲ್ಕು ಜನ ಹುಡುಗಿಯರು ಅವಳ ಕೈಕೆಳಗೆ. ಸೋಮವಾರ ಒಂದನೇ ತಾರೀಖಿನಿಂದ ಬೆಳಗ್ಗೆ ಆರರ ಶಿಫ್ಟು, ಲೀಡರ್ ಆದವಳು ಐದೂಮುಕ್ಕಾಲಿಗೇ ಗೇಟಿನಲ್ಲಿರಬೇಕು. ಮೊದಲ ವಾರ ಒಂದು ದಿನ ತಡವಾದರೂ ಪಟ್ಟಿಯಲ್ಲಿ ಎರಡನೆಯವಳಿಗೆ ಆ ಕೆಲಸ ಎಂದು ಮೇಲಿನವರು ಮುಖಕ್ಕೆ ಹೊಡೆದಂತೆ ಹೇಳಿದ್ದರು. ಬೈರಮಂಗಲದಿಂದ ಹೊರಡುವ ಮೊದಲ ಬಸ್ಸು ಬರುವುದೇ ಆರೂವರೆಗೆ.

ಹಾಗಾಗಿ ಸೈಕಲ್ಲು. ದೇವರಾಜನೂ ಬಿಡದಿಯಲ್ಲೇ ಇನ್ನೊಂದು ಕಂಪನಿಯ ಸ್ಟೋರಿನಲ್ಲಿ ಕೆಲಸ ಮಾಡುತ್ತಿದ್ದ, ಅವನದು ಒಂಬತ್ತು ಗಂಟೆಗೆ. ಅವನಿಗೂ ಹೊಟ್ಟೆ ಬಂದಿತ್ತು, ಸೈಕಲ್ ತುಳಿದರೆ ಕರಗೀತು ಎಂಬ ಆಸೆ. ಎರಡು ಸಾದಾ ಸೈಕಲ್ ತಗೊಳ್ಳೋಣ, ವಾರದ ದಿನ ಅವರವರ ಹೊತ್ತಿಗೆ ಅವರವರು, ಭಾನುವಾರ ಇಬ್ಬರೂ ಜೊತೆಯಲ್ಲಿ ಕೆರೆ ಏರಿ ಮೇಲೆ ಹೋಗಿ ಬರೋಣ ಎಂದು ಮೊದಲು ಹೇಳಿದವನೇ ಅವನು. ಮೂರು ತಿಂಗಳು ಇಬ್ಬರೂ ಫೋನಿನಲ್ಲಿ ತಲೆಗೆ ತಲೆ ತಾಗಿಸಿಕೊಂಡು ಸೈಕಲ್ ನೋಡಿದರು. ಗೇರು ಬೇಡ, ಕೆಟ್ಟರೆ ರಿಪೇರಿ ದುಬಾರಿ ಎಂದಳು ಅವಳು. ಆಗಲಿ ಎಂದ. ಅಮೂಲ್ಯಳ ಹಳೇ ನೋಟ್‌ಬುಕ್ಕಿನ ಹಿಂದಿನ ಹಾಳೆಯಲ್ಲಿ ಬರೆದರು: ಎರಡು ಬೆಲ್ಲು, ಎರಡು ಲೈಟು, ಎರಡು ಬೀಗ, ಗಾಳಿ ಹೊಡೆಯುವ ಪಂಪು ಒಂದು ಸಾಕು. ಮದುವೆಯಾದ ಹತ್ತು ವರ್ಷದಲ್ಲಿ ಇಬ್ಬರೂ ಕೂತು ಬರೆದ ಮೊದಲ ಪಟ್ಟಿ ಅದು. ದುಡ್ಡು ಅವಳ ಬೋನಸ್ಸಿನದು.

ಮನೆಯಲ್ಲಿ ಇದು ಕಿವಿಗೆ ಬಿದ್ದದ್ದೇ ತಡ, ಜಗುಲಿಯ ಮೇಲೆ ಪಂಚಾಯ್ತಿ ಶುರುವಾಯಿತು. ಮಾರಕ್ಕ ಅವರೆಕಾಯಿ ಸುಲಿಯುತ್ತಾ, "ಒಂದ್ ಮನೇಲಿ ಗಂಡಂಗೊಂದು ಹೆಂಡ್ರಿಗೊಂದು ಸೈಕಲ್ಲು ಅಂದ್ರೆ ನಾಳೆ ಎರಡ್ ಒಲೆ ಅಂತ್ಲೇ ಲೆಕ್ಕ ಕಣಪ್ಪ," ಎಂದಳು. ದೊಡ್ಡಹನುಮಯ್ಯ ಬೀಡಿ ಕಚ್ಚಿಕೊಂಡು, "ಹೆಣ್ಣಿನ ಬುದ್ಧಿ ಮೊಣಕಾಲ ಕೆಳಗೆ ಅಂತ ಸುಮ್ಕೆ ಅಂದವ್ರಾ? ಹೆಂಡ್ತಿ ಮುಂದುಕ್ಕೋಗೋದು, ಇವನು ಹಿಂದ್ಗಡೆ ಧೂಳು ಕುಡಿಯದು. ಊರೋರು ಏನಂದಾರು?" ಎಂದ. ಮುದುಕನಿಗೆ ಒಂದು ಹೊಳೆಯಲಿಲ್ಲ. ಸೈಕಲ್ಲಿನ ಪೆಡಲು ಇರುವುದೂ ಮೊಣಕಾಲಿನ ಕೆಳಗೇ.

ಜ್ಯೋತಿ ಒಳಗಿನಿಂದ ಎಲ್ಲ ಕೇಳಿಸಿಕೊಂಡಳು. ಆ ಸಂಜೆ ದೇವರಾಜ, "ಅವರ ಮಾತು ಬುಡು. ವಯಸ್ಸಾದೋರು," ಎಂದ. ಅವಳು ನಂಬಿದಳು. ಶನಿವಾರ, "ನಾನೊಬ್ನೇ ಓಗಿ ಚೌಕಾಸಿ ಮಾಡ್ಕಂಡ್ ಬತ್ತೀನಿ. ಹೆಂಗಸ್ರು ಬಂದ್ರೆ ರೇಟು ಏರಿಸ್ತಾರೆ," ಎಂದ. ಅದನ್ನೂ ನಂಬಿ ಬೋನಸ್ಸಿನ ದುಡ್ಡು ಕೈಗಿಟ್ಟಳು. ದೇವರಾಜ ಕೆಟ್ಟವನಲ್ಲ. ಕುಡಿಯುವುದಿಲ್ಲ, ಹೆಂಡತಿಯ ಮೇಲೆ ಕೈ ಎತ್ತುವುದಿಲ್ಲ. ಇಷ್ಟನ್ನೇ ದೊಡ್ಡ ಗುಣವೆಂದು ಹೇಳಿಕೊಂಡು ಓಡಾಡುವ ಊರು ನಮ್ಮದು. ಆದರೆ ಎದುರಿಗೆ ನಿಂತವರಿಗೆಲ್ಲ ಹೂಂ ಎನ್ನುವ ಗಂಡಸು ಕೊನೆಗೆ ಯಾರ ಮಾತು ನಡೆಸುತ್ತಾನೆ ಎಂಬುದು ಅವನಿಗೂ ತಿಳಿದಿರುವುದಿಲ್ಲ.

ಭಾನುವಾರ ಹತ್ತು ಗಂಟೆಗೆ ಇಬ್ಬರೂ ಬಸ್ಸಿನಲ್ಲಿ ಬಿಡದಿಗೆ ಬಂದರು. ಜ್ಯೋತಿ ಹೊಸ ಚೂಡಿದಾರ ಹಾಕಿ, ದುಪಟ್ಟಾವನ್ನು ಸೊಂಟಕ್ಕೆ ಕಟ್ಟಿಕೊಂಡಿದ್ದಳು. ಎಂಟು ಕಿಲೋಮೀಟರ್ ತುಳಿದುಕೊಂಡೇ ವಾಪಸ್ ಬರಬೇಕಲ್ಲ. ತಟ್ಟೆ ಇಡ್ಲಿ ತಿಂದು, ಹೋಟೆಲಿನ ಪಕ್ಕದ ಗಲ್ಲಿಯಲ್ಲಿದ್ದ ಸಮದ್ ಸಾಹೇಬರ ಸೈಕಲ್ ಅಂಗಡಿಗೆ ಹೋದರು. ಸಾಹೇಬರು ಬಿಲ್ಲು ಬರೆಯುತ್ತಿದ್ದರು. ಅವರ ಮಗಳು ಕೆಹಕಶಾನ್ ನೆಲದ ಮೇಲೆ ಕೂತು ಒಂದು ಚಕ್ರದ ಡೊಂಕು ತೆಗೆಯುತ್ತಿದ್ದಳು. ಆ ಕೆಲಸದಲ್ಲಿ ಅವಳು ಅಪ್ಪನಿಗಿಂತ ಒಂದು ಕೈ ಮೇಲು ಎಂದು ಗಿರಾಕಿಗಳೇ ಹೇಳುತ್ತಿದ್ದರು.

"ಕಣ್ಮುಚ್ಕೋ," ಎಂದ ದೇವರಾಜ, ಮದುಮಗನ ಹಾಗೆ ಹಲ್ಲು ಬಿಡುತ್ತಾ. ಮುಚ್ಚಿಕೊಂಡಳು. "ಈಗ ಬುಡು."

ಎದುರಿಗೆ ಒಂದೇ ಸೈಕಲ್ ನಿಂತಿತ್ತು. ದಪ್ಪ ಟೈರಿನ, ಗೇರಿನ, ಕಂಬಿಯಿರುವ ಗಂಡಸರ ಸೈಕಲ್ಲು. ಅದರ ಹಿಂದೆ ಕ್ಯಾರಿಯರ್, ಅದರ ಮೇಲೆ ಕೆಂಪು ರೆಕ್ಸಿನ್ನಿನ ದಪ್ಪ ಕುಷನ್ನು. ಕೆಳಗೆ ಕಾಲಿಡಲು ಮಡಚುವ ಕಂಬಿ. ಚಕ್ರಕ್ಕೆ ಸೆರಗು ಸಿಕ್ಕಿಕೊಳ್ಳದ ಹಾಗೆ ತಂತಿಯ ಸೀರೆ ಗಾರ್ಡು.

"ಇನ್ನೊಂದೆಲ್ಲಿ?" ಎಂದಳು ಜ್ಯೋತಿ.

"ಇನ್ನೊಂದ್ಯಾಕೆ? ಇದೇ ಜೋಡಿ ಸೈಕಲ್ಲು. ನಾನು ತುಳೀತೀನಿ, ನೀನು ರಾಣಿ ಥರ ಕೂತ್ಕಂಡ್ ಬಾ. ನೋಡು ಕುಷನ್ನು, ಒಸಿ ಒತ್ತಿ ನೋಡು."

"ನಾಳೆ ಐದ್ ಗಂಟೆಗೆ ನನ್ನ ಬಿಡಕ್ಕೆ ಬರ್ತೀರಾ?"

ದೇವರಾಜ ತಲೆ ಕೆರೆದುಕೊಂಡ. "ಅದೇನಾಯ್ತದೆ ಅಂದ್ರೆ… ನಾಳೆ ಓಗಿ, ಲೀಡರ್ ಕೆಲಸ ಬ್ಯಾಡ, ಒಂಬತ್ತರ ಶಿಫ್ಟಲ್ಲೇ ಇರ್ತೀನಿ ಅಂದ್ಬುಡು. ಅಪ್ಪ ಅವ್ವನೂ ಅದನ್ನೇ ಅಂದ್ರು. ಇಬ್ರೂ ಒಟ್ಟಿಗೆ ಓಗದು, ಒಟ್ಟಿಗೆ ಬರದು. ಎಷ್ಟ್ ಚೆಂದ ಅಲ್ವಾ?"

ಅಂದರೆ ಎಲ್ಲ ತೀರ್ಮಾನವಾಗಿತ್ತು. ಅವಳ ದುಡ್ಡಿನಲ್ಲಿ, ಅವಳ ಬೆನ್ನ ಹಿಂದೆ, ಅವಳ ಕೆಲಸಕ್ಕೆ ಎಳ್ಳುನೀರು ಬಿಟ್ಟು, ಅದರ ಮೇಲೆ ಕುಷನ್ನು ಹಾಸಿ ಕೂತ್ಕೋ ಎನ್ನುತ್ತಿದ್ದರು. ಅವಳಿಗೆ ಅಂಗಾಲಿನಿಂದ ನೆತ್ತಿಯವರೆಗೆ ಉರಿ ಹತ್ತಿತು. ಆದರೂ ಧ್ವನಿ ಏರಿಸದೆ ಸಮದ್ ಸಾಹೇಬರ ಕಡೆ ತಿರುಗಿ, "ಇದನ್ನ ವಾಪಸ್ ತಗೊಂಡು ಎರಡು ಸಾದಾ ಸೈಕಲ್ ಕೊಡಿ ಸಾಬ್ರೇ," ಎಂದಳು.

ಸಾಹೇಬರು ಕನ್ನಡಕ ತೆಗೆದು ಒರೆಸಿದರು. "ಕೊಡ್ತಿದ್ದೆ ಕಣಮ್ಮ, ದೇವರಾಣೆ ಕೊಡ್ತಿದ್ದೆ. ಆದರೆ ಈ ಗೇರ್ ಸೈಕಲ್ಲಿಗೆ ಮನುಷ್ಯರು ಕೂರೋ ಭಾರದ ಕ್ಯಾರಿಯರ್ ನಿಲ್ಲಲ್ಲ ಅಂದೆ. ನಿಮ್ಮ ಯಜಮಾನ್ರು ಕೇಳಲಿಲ್ಲ. ನಿನ್ನೆ ನಿಂತ್ಕೊಂಡು ಫ್ರೇಮಿಗೇ ವೆಲ್ಡಿಂಗ್ ಮಾಡಿಸಿದ್ರು. ಬೆಂಕಿ ತಾಗಿದ ಫ್ರೇಮ್ ಯಾರಿಗೆ ಮಾರಲಿ ನಾನು?"

ಜ್ಯೋತಿ ಬಗ್ಗಿ ನೋಡಿದಳು. ಕ್ಯಾರಿಯರಿನ ಕಾಲು ಫ್ರೇಮಿಗೆ ಸೇರುವಲ್ಲಿ ಬಣ್ಣ ಸುಟ್ಟು ಬೆಸುಗೆ ಕಪ್ಪಗೆ ಗಂಟುಕಟ್ಟಿತ್ತು. ಆ ಕಪ್ಪನ್ನು ಅವಳು ಮೊದಲೂ ಕಂಡಿದ್ದಳು. ಆವತ್ತು ಅಪ್ಪ ಕಂಬಿ ಬೆಸೆಸಿದ್ದ, ಇವತ್ತು ಗಂಡ ಕ್ಯಾರಿಯರ್ ಬೆಸೆಸಿದ್ದಾನೆ. ಇವಳು ಸೈಕಲ್ ಹತ್ತದಂತೆ ಮಾಡಲು ಈ ಗಂಡಸರಿಗೆ ಎಷ್ಟು ಕಬ್ಬಿಣ ಬೇಕಪ್ಪಾ! ಹದಿನೇಳು ವರ್ಷದ ಸಿಟ್ಟಿಗೆ ಅಲ್ಲೇ ಪುರುಸೊತ್ತು ಸಿಕ್ಕಿತು.

"ಯಾರನ್ನ ಕೇಳಿ ಮಾಡ್ಸಿದೆ?" ಎಂದಳು. ಹತ್ತು ವರ್ಷದಲ್ಲಿ ಗಂಡನನ್ನು ಏಕವಚನದಲ್ಲಿ ಕರೆದದ್ದು ಅದೇ ಮೊದಲು. ಗಲ್ಲಿಯ ಆಚೆ ಇಡ್ಲಿ ತಟ್ಟೆ ತೊಳೆಯುತ್ತಿದ್ದವರೂ ತಿರುಗಿ ನೋಡಿದರು. "ಆರು ವರ್ಷ ಕಾಲು ಊದಿಸ್ಕಂಡು ನಿಂತವಳು ನಾನು. ಬ್ಯಾಡ ಅಂತ ನಾನೇ ಓಗಿ ಹೇಳ್ಬೇಕಾ? ಯಾಕೆ? ನಿಮ್ಮಪ್ಪ ಜಗುಲಿ ಮೇಲೆ ಬೀಡಿ ಸೇದ್ಕಂಡು ಏನೋ ಅಂದ ಅಂತಾನಾ? ಆ ಮಾತು ಬುಡು ಅಂದವನು ನೀನೇ ಅಲ್ವಾ?"

"ಲೇ, ಮೆಲ್ಲಗೆ ಮಾತಾಡು ಕಣೆ, ಜನ ನೋಡ್ತಾವ್ರೆ…"

"ನೋಡ್ಲಿ! ನನ್ನ ದುಡ್ಡು ತಗಂಡು ನಂಗೆ ಹಿಂದಿನ ಸೀಟು ಕೊಡ್ಸಿದ ಗಂಡ ಹೆಂಗವ್ನೆ ಅಂತ ಜನಾನೂ ನೋಡ್ಲಿ. ನಿಂಗೆ ಎಂಟೂಕಾಲಕ್ಕೆ ಮನೆ ಮುಂದೆ ಬಸ್ಸೈತೆ. ನಂಗೆ ಐದ್ ಗಂಟೆಗೆ ಏನೈತೆ? ಸೈಕಲ್ ಬೇಕಾಗಿರೋದು ಯಾರಿಗೆ? ಹೇಳು!"

ನಿಜ ಹೇಳಬೇಕೆಂದರೆ ಆ ಪ್ರಶ್ನೆಯನ್ನು ದೇವರಾಜ ಅಲ್ಲಿಯವರೆಗೆ ಯೋಚಿಸಿಯೇ ಇರಲಿಲ್ಲ. ಕೊನೆಗೆ, "ಅದು ಗಂಡಸ್ರ ಸೈಕಲ್ಲು. ಕಂಬಿ ಐತೆ. ನಿಂಗೆ ಹತ್ತಕ್ಕಾಗಲ್ಲ," ಎಂದು ಗೊಣಗಿದ.

ಇಷ್ಟು ಹೊತ್ತೂ ತಲೆ ತಗ್ಗಿಸಿ ಚಕ್ರ ತಿರುಗಿಸುತ್ತಿದ್ದ ಕೆಹಕಶಾನ್ ಎದ್ದು ಬಂದಳು. ಕೈಯ ಗ್ರೀಸನ್ನು ಬಟ್ಟೆಗೆ ಒರೆಸಿಕೊಂಡಳು. "ಸೀಟು ಇಳಿಸಿ ಕೊಡ್ತೀನಿ ಅಕ್ಕ. ಕಾಲು ಹಿಂದ್ಗಡೆಯಿಂದ ದಾಟಿಸಿ. ನಾನು ದಿನಾ ಹತ್ತಲ್ವಾ?" ಎಂದಳು.

"ಮೊದ್ಲು ಆ ಕುಷನ್ ಕೀಳಮ್ಮ," ಎಂದಳು ಜ್ಯೋತಿ. "ಕಾಲಿಡೋದೂ ಕೀಳು. ಆ ಸೀರೆ ಗಾರ್ಡೂ ಕೀಳು."

ಕೆಹಕಶಾನ್ ಸ್ಪ್ಯಾನರ್ ಹಿಡಿದು ಒಂದೊಂದೇ ನಟ್ಟು ಬಿಚ್ಚಿದಳು. ಬೆಸೆದ ಕ್ಯಾರಿಯರ್ ಮಾತ್ರ ಬರುವಂತಿರಲಿಲ್ಲ. ಇರಲಿ, ಡಬ್ಬಿ ಕಟ್ಟಲು ಆಗುತ್ತದೆ ಎಂದಳು ಜ್ಯೋತಿ. ಸಮದ್ ಸಾಹೇಬರು ಒಂದು ಲೈಟು, ಒಂದು ಬೆಲ್ಲು, ಒಂದು ಚೈನು ಬೀಗ ತಂದಿಟ್ಟರು. ಅವೂ ನಿನ್ನೆಯ ಬಿಲ್ಲಿನಲ್ಲಿದ್ದವು. ಬೀಗಕ್ಕೆ ಎರಡು ಕೀ ಇದ್ದವು. ದೇವರಾಜ ಅಭ್ಯಾಸಬಲದಿಂದ ಒಂದಕ್ಕೆ ಕೈ ಚಾಚಿದ. ಜ್ಯೋತಿ ಎರಡನ್ನೂ ತೆಗೆದು ಪರ್ಸಿಗೆ ಹಾಕಿ ಜಿಪ್ಪು ಎಳೆದಳು.

ಗಲ್ಲಿಯ ಬಾಯಿಯಲ್ಲಿ ನಿಂತು ಅವಳು ಕಾಲು ದಾಟಿಸಿದಳು. ಮೊದಲ ಸಲ ಚೂಡಿದಾರದ ಟಾಪು ಸೀಟಿಗೆ ಸಿಕ್ಕಿ ಸೈಕಲ್ ವಾಲಿತು. ಯಾರೋ ಕಿಸಕ್ಕೆಂದರು. ಎರಡನೇ ಸಲ ಕೂತಳು, ಆದರೆ ಎಳನೀರಿನ ಗಾಡಿಯ ಮೇಲೇ ನುಗ್ಗಿಬಿಡುತ್ತಿದ್ದಳು, ಬ್ರೇಕು ಹಿಡಿದದ್ದಕ್ಕೆ ಉಳಿಯಿತು. ಮೂರನೇ ಸಲ ಹೋದಳು. ಹನ್ನೊಂದು ದಿನದಲ್ಲಿ ಕಲಿತದ್ದನ್ನು ಕಾಲುಗಳು ಮರೆತಿರಲಿಲ್ಲ. ಮರೆತದ್ದು ಮನೆಯವರು ಮಾತ್ರ.

ದೇವರಾಜ ಕುಷನ್ನು ಕಂಕುಳಲ್ಲಿಟ್ಟುಕೊಂಡು, ಉಳಿದದ್ದನ್ನು ಪ್ಲಾಸ್ಟಿಕ್ ಚೀಲದಲ್ಲಿ ಹಾಕಿಕೊಂಡು ಬಸ್ ನಿಲ್ದಾಣಕ್ಕೆ ನಡೆದ. ದಾರಿಯಲ್ಲಿ ಬಸ್ಸು ಅವಳನ್ನು ದಾಟಿತು. ಕಿಟಕಿಯಲ್ಲಿ ಅವನ ಮುಖ ಕಂಡಿತು. ಜ್ಯೋತಿ ತಲೆ ಎತ್ತಲಿಲ್ಲ. ಗೇರು ಯಾವುದಕ್ಕೆ ಹಾಕಿದರೆ ಹಗುರ ಎಂದು ಗೊತ್ತಾಗದೆ ಏರಿನಲ್ಲಿ ಎರಡು ಸಲ ಇಳಿದು ತಳ್ಳಿದಳು. ಪ್ರತಿ ಸಲ ಇಳಿದಾಗಲೂ ಅಪ್ಪನಿಗೊಂದು, ಅಣ್ಣನಿಗೊಂದು, ಗಂಡನಿಗೊಂದು ಬೈಗುಳ ಬೈದು ಮತ್ತೆ ಹತ್ತಿದಳು. ಕೊಳಚೆ ನೀರಿನಿಂದ ನೊರೆಯೆದ್ದ ಊರ ಕೆರೆಯ ನಾತ ಮೂಗಿಗೆ ಬಡಿದಾಗ ಊರು ಬಂತೆಂದು ತಿಳಿಯಿತು.

ಜಗುಲಿಯ ಮೇಲೆ ಮಾವ, ಅತ್ತೆ, ಅವರ ಮುಂದೆ ತಪ್ಪು ಮಾಡಿದ ಮಗುವಿನ ಹಾಗೆ ಕುಷನ್ನು ಹಿಡಿದು ನಿಂತ ದೇವರಾಜ. ದೊಡ್ಡಹನುಮಯ್ಯ ಬೀಡಿ ತೆಗೆದು ಏನೋ ಹೇಳಲು ಬಾಯಿ ತೆರೆದ. ಜ್ಯೋತಿ ಸೈಕಲ್ ಗೋಡೆಗೆ ಒರಗಿಸಿ, ಗಂಡನ ಕೈಯಿಂದ ಕುಷನ್ನು ಕಿತ್ತು, ಜಗುಲಿಯ ಮೇಲೆ ಅತ್ತೆಯ ಪಕ್ಕ ದೊಪ್ಪನೆ ಹಾಕಿದಳು.

"ತಗಳಿ ಅತ್ತೆ. ಮೆತ್ತಗೈತೆ. ಇದ್ರ ಮೇಲೆ ಕೂತ್ಕಂಡು ಇನ್ನೂ ಎಷ್ಟು ಒಲೆ ಲೆಕ್ಕ ಹಾಕ್ಬೇಕೋ ಹಾಕಿ. ನಾಳೆಯಿಂದ ಅಮೂಲ್ಯನ ಜಡೆ ನಿಮ್ಮ ಮಗ ಹೆಣೀತಾರೆ. ಅವ್ರ ಡಬ್ಬಿ ಅವ್ರೇ ಕಟ್ಕತಾರೆ. ಮಾವನ ಕಾಫಿ ಯಾರು ಕಾಯಿಸ್ತಾರೋ ನಂಗೊತ್ತಿಲ್ಲ."

ದೊಡ್ಡಹನುಮಯ್ಯ ತೆರೆದ ಬಾಯಿಗೆ ಬೀಡಿಯನ್ನೇ ಇಟ್ಟುಕೊಂಡ. ಗಂಡ ಹೆಂಡಿರ ಜಗಳ ಉಂಡು ಮಲಗುವ ತನಕ ಎನ್ನುತ್ತಾರೆ. ಆ ರಾತ್ರಿ ಉಂಡರು, ಮಲಗಿದರು, ಜಗಳ ಮಾತ್ರ ಹಾಗೇ ಎದ್ದು ಕೂತಿತ್ತು.

ಸೋಮವಾರ ಐದಕ್ಕೆ ಜ್ಯೋತಿ ಹೊರಟಳು. ನಾಯಿಗಳು ಅರ್ಧ ಕಿಲೋಮೀಟರ್ ಬೆನ್ನಟ್ಟಿದವು. ಹೆದರಿದಳು, ಆದರೆ ಇಳಿಯಲಿಲ್ಲ. ಐದು ಮೂವತ್ತೆಂಟಕ್ಕೆ ಗೇಟಿನಲ್ಲಿದ್ದಳು. ಸೆಕ್ಯೂರಿಟಿಯವನು ಅವಳ ಹಿಂದೆ ಮುಂದೆ ನೋಡಿ, "ಇದ್ಯಾರ ಸೈಕಲ್ ಮೇಡಂ?" ಎಂದ.

"ನಂದು," ಎಂದಳು. ಆ ಒಂದು ಮಾತು ಹೇಳಲು ಅವಳಿಗೆ ಹದಿನೇಳು ವರ್ಷ ಹಿಡಿದಿತ್ತು.

ಆ ವಾರ ಒಂದು ದಿನವೂ ತಡವಾಗಲಿಲ್ಲ, ಲೀಡರ್ ಕೆಲಸ ಅವಳದೇ ಆಯಿತು. ಮನೆಯಲ್ಲಿ ಅಮೂಲ್ಯ ಮೂರು ದಿನ ಸೊಟ್ಟ ಜಡೆಯಲ್ಲಿ ಶಾಲೆಗೆ ಹೋದಳು, ನಾಲ್ಕನೇ ದಿನ ಜಡೆ ನೆಟ್ಟಗಾಯಿತು. ಮಾರಕ್ಕ ಒಲೆಯ ಮಾತು ಮತ್ತೆ ಎತ್ತಲಿಲ್ಲ, ಯಾರಿಗೂ ಕಾಣದ ಹೊತ್ತು ನೋಡಿಕೊಂಡು ಕುಷನ್ನಿನ ಮೇಲೆ ಕೂರತೊಡಗಿದಳು.

ಒಂದು ತಿಂಗಳ ಮೇಲೆ ಶನಿವಾರ ಸಂಜೆ ಜ್ಯೋತಿ ಅಂಗಳದಲ್ಲಿ ಚೈನಿಗೆ ಎಣ್ಣೆ ಬಿಡುತ್ತಿದ್ದಳು. ದೇವರಾಜ ಬಂದು ಒಸಿ ದೂರದಲ್ಲೇ ನಿಂತ. ಕೈಯಲ್ಲಿ ಅಮೂಲ್ಯಳ ಹಳೇ ನೋಟ್‌ಬುಕ್ಕಿನ ಆ ಹಾಳೆ ಇತ್ತು.

"ಸಮದ್ ಸಾಬ್ರ ಹತ್ರ ಒಂದು ಹಳೇ ಸೈಕಲ್ ಐತಂತೆ. ಸಾದಾದು. ನನ್ ದುಡ್ಡಲ್ಲೇ ತಗತೀನಿ," ಎಂದ. "ಭಾನುವಾರ ಏರಿ ಮೇಲೆ ಇಬ್ರೂ ಓಗನಾ? ಮೊದ್ಲು ಅಂದ್ಕಂಡಿದ್ವಲ್ಲ, ಹಂಗೆ."

ಜ್ಯೋತಿ ಪೆಡಲನ್ನು ಹಿಂದಕ್ಕೆ ತಿರುಗಿಸಿ ಚೈನು ನೋಡಿದಳು. ಬೆಸುಗೆಯ ಕಪ್ಪು ಗಂಟು ಕಣ್ಣಿಗೆ ಬಿತ್ತು. ಅದನ್ನು ಎಷ್ಟು ತಿಕ್ಕಿದರೂ ಹೋಗುತ್ತಿರಲಿಲ್ಲ. ಸಿಟ್ಟೂ ಅಷ್ಟೇ, ಇದ್ದ ಜಾಗದಲ್ಲೇ ಇತ್ತು. ಎಣ್ಣೆಯ ಕೈ ಒರೆಸಿಕೊಂಡು ಎದ್ದು ನಿಂತಳು.

"ತಗಳಿ," ಎಂದಳು. "ಬೀಗಾನೂ ನಿಮ್ದು ನೀವೇ ತಗಳಿ."